ಹೊಗೆಗೆ ಮೇಲಿನ ದಾರಿ

ಬೋಲ್ಟಿನ ತಲೆ ಮುರಿಯಬಹುದಿತ್ತು. ಮುರಿದ ತುಂಡು ಟ್ರ್ಯಾಕ್ಟರ್ ಎಂಜಿನ್ನಿನ ಮೈಯೊಳಗೇ ಉಳಿದು, ಅದನ್ನು ಕೀಳಲು ಹೋಗಿ ಎಂಜಿನ್ನೇ ಸೀಳಬಹುದಿತ್ತು. ಅಳತೆ ತಪ್ಪಿ, ಮಾಡಿಸಿ ತಂದ ಕೊಳವೆ ಯಾವ ತೂತಿಗೂ ಕೂರದೆ ಅಕ್ಕನ ಅಂಗಳದಲ್ಲಿ ಅನಾಥವಾಗಿ ಬಿದ್ದಿರಬಹುದಿತ್ತು. ಕೂತರೂ, ಬೆಸುಗೆ ಬಿಟ್ಟುಕೊಂಡು ಬಿಸಿ ಹೊಗೆ ನೇರ ಡೀಸೆಲ್ ಟ್ಯಾಂಕಿನ ಮೇಲೆ ಊದಬಹುದಿತ್ತು. ಕೊಳವೆಯ ತುದಿ ಬೀದಿಯ ಕರೆಂಟು ತಂತಿಗೆ ತಗುಲಿ ಮೊದಲು ಅಕ್ಕ, ಆಮೇಲೆ ಅಕ್ಕನನ್ನು ಬಿಡಿಸಲು ಓಡುವ ನಾನು, ಆಮೇಲೆ ನಮ್ಮಿಬ್ಬರ ಮೇಲೆ ದೂರು ಬರೆಯಲು ನಿಂತ ಬಡಾವಣೆಯ ಕಾರ್ಯದರ್ಶಿಗಳು, ಹೀಗೆ ಸರದಿಯ ಪ್ರಕಾರ ಹೋಗಬಹುದಿತ್ತು. ಸಿಟಿ ಬಸ್ಸಿನಲ್ಲಿ ತರುವಾಗ ಆ ಕಬ್ಬಿಣ ಯಾರದೋ ಮೊಣಕಾಲಿಗೆ ಬಡಿದು ವಿಷಯ ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಕೆಳಗೆ ಉದುರುತ್ತಿದ್ದ ಕಿಡಿ ಮೇಲಿನಿಂದ ಉದುರಬಹುದಿತ್ತು. ಗಾಳಿ ಜೋರಾಗಿ ಬೀಸಬಹುದಿತ್ತು. ಗಾಳಿಯೇ ಬೀಸದೆ ಇರಬಹುದಿತ್ತು. ಆಗ ಕಾಳು ತೂರುವುದು ಹೇಗೆ? ಎಲ್ಲಕ್ಕಿಂತ ಮಿಗಿಲಾಗಿ, ಹುರುಳಿ ಹತ್ತಿಕೊಳ್ಳಬಹುದಿತ್ತು. ಹೋದ ವರ್ಷದ ಹಾಗೆ ತಟ್ಟೆಯಗಲವಲ್ಲ, ಕಣದಗಲ.

ಇದಿಷ್ಟನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬಾಯಲ್ಲಿ ಹೇಳುವಂತಿರಲಿಲ್ಲ. ಅಕ್ಕನ ಕಾನೂನಿನ ಪ್ರಕಾರ ಕಣದ ಕೆಲಸ ಶುರುವಾದ ಮೇಲೆ ಕೆಟ್ಟ ಮಾತು ಆಡಬಾರದು. ನನ್ನ ಬಾಯಿಂದ ಬರುವ ಮಾತಿನಲ್ಲಿ ಮುಕ್ಕಾಲು ಪಾಲು ಅವಳ ಲೆಕ್ಕದಲ್ಲಿ ಕೆಟ್ಟ ಮಾತೇ.

ಒಂದು ವಿಮಾ ಕಚೇರಿಯಲ್ಲಿ, ಪರಿಹಾರ ಕೇಳಿ ಬಂದ ಅರ್ಜಿಗಳನ್ನು ಓದುವುದು ನನ್ನ ಉದ್ಯೋಗ. ಬೇರೆಯವರು ಪತ್ರಿಕೆಯಲ್ಲಿ ಒಂದು ಕ್ಷಣ ಓದಿ ಮಗುಚಿ ಹಾಕುವ ಸುದ್ದಿಗಳನ್ನು ನಾನು ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ, ಫೋಟೋ ಸಮೇತ, ಮೂರು ಪ್ರತಿಯಲ್ಲಿ ಓದುತ್ತೇನೆ. ಸುಟ್ಟ ಗೋಡೌನು, ಉರುಳಿದ ಲಾರಿ, ಮೇಲಿನ ಮನೆಯ ನಲ್ಲಿಯಿಂದ ಕೆಳಗಿನ ಮನೆಯ ಟೀವಿಗೆ ಇಳಿದ ನೀರು. ಇಪ್ಪತ್ತು ಚಿಲ್ಲರೆ ವರ್ಷ ಹೀಗೆ ಓದಿದ ಮೇಲೆ ಮನುಷ್ಯಳಿಗೆ ಜಗತ್ತಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡದೆ ನಾನು ಗೇಟು ದಾಟುವುದಿಲ್ಲ. ಮನೆಯವರು ಇದನ್ನು ನನ್ನ ಪ್ರದಕ್ಷಿಣೆ ಎನ್ನುತ್ತಾರೆ.

ಅಕ್ಕ ಬೇರೆ ಥರ. ನನಗಿಂತ ಏಳು ವರ್ಷ ದೊಡ್ಡವಳು. ಮೇಟಗಳ್ಳಿಯಿಂದಾಚೆ ಅವಳಿಗೆ ಒಂದೂಕಾಲು ಎಕರೆ ಹೊಲವಿದೆ. ಹೊಲ ಎಲ್ಲಿತ್ತೋ ಅಲ್ಲೇ ಇದೆ. ಊರೇ ಬಂದು ಅದರ ಮೂರು ಕಡೆ ಕೂತಿದೆ. ಹಿಂದೆ ಕಣವಿದ್ದ ಜಾಗದಲ್ಲಿ ಈಗ ಬಡಾವಣೆಯ ಕೊನೆಯ ರಸ್ತೆ ಹಾದುಹೋಗುತ್ತದೆ. ಆ ತುದಿಯಲ್ಲಿ ಇನ್ನೂ ಮನೆಗಳೆದ್ದಿಲ್ಲ. ಹಾಗಾಗಿ ವರ್ಷಕ್ಕೆ ಒಂದು ಭಾನುವಾರ ಅಕ್ಕ ಆ ಡಾಂಬರನ್ನು ಗುಡಿಸಿ, ಸಗಣಿ ನೀರು ಹಾಕಿ, ಅದನ್ನು ಮತ್ತೆ ಕಣ ಮಾಡುತ್ತಾಳೆ. ಕಿತ್ತು ಒಣಗಿಸಿದ ಹುರುಳಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಹರಡಿ, ಅದರ ಮೇಲೆ ಟ್ರ್ಯಾಕ್ಟರನ್ನು ಸುತ್ತು ಸುತ್ತು ಓಡಿಸಿ ತುಳಿಸುತ್ತಾಳೆ. ಕಾಯಿ ಒಡೆದು ಕಾಳು ಕೆಳಗಿಳಿಯುತ್ತದೆ, ಹೊಟ್ಟು ಮೇಲುಳಿಯುತ್ತದೆ. ಭಾವ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಓಡಿಸುವವಳೂ ಅವಳೇ. ಸೀರೆಯ ಮೇಲೆ ಭಾವನ ಹಳೇ ಶರ್ಟು, ತಲೆಗೆ ಟವೆಲ್ಲು, ಕಣ್ಣಿಗೆ ಕನ್ನಡಕ.

ತೊಂದರೆಯ ಮೂಲ ಆ ಟ್ರ್ಯಾಕ್ಟರಿನ ಸೈಲೆನ್ಸರು. ಅದು ಬಂದಾಗ ಎಲ್ಲ ಟ್ರ್ಯಾಕ್ಟರುಗಳ ಹಾಗೆ ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತಿತ್ತು. ಭಾವ ಕಟ್ಟಿಸಿದ ಶೆಡ್ಡಿನ ಶೀಟು ತಗ್ಗಾಗಿತ್ತು, ಒಳಗೆ ನುಗ್ಗುವಾಗ ತುದಿ ತಗುಲುತ್ತಿತ್ತು. ಬೇರೆ ಯಾರಾದರೂ ಶೀಟು ಎತ್ತರಿಸುತ್ತಿದ್ದರು. ನಮ್ಮ ಭಾವ ಸೈಲೆನ್ಸರನ್ನೇ ತೆಗೆಸಿ, ಹೊಗೆಯನ್ನು ಗಾಡಿಯ ಹೊಟ್ಟೆಯಡಿಯಿಂದ ಹಿಂದಕ್ಕೆ ಹೋಗುವಂತೆ ತಿರುಗಿಸಿದರು. ಬಾನೆಟ್ಟಿನ ತೂತಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಮುಚ್ಚಿದರು. ಕೆಲಸ ಅಚ್ಚುಕಟ್ಟು. ಉಳುವಾಗ ಏನೂ ಆಗಲಿಲ್ಲ. ತುಳಿಸುವಾಗ ಮಾತ್ರ ಆ ಬಿಸಿ ಕೊಳವೆ ಒಣ ಹುರುಳಿಯೊಳಗೆ ಮೂತಿ ಇಟ್ಟುಕೊಂಡೇ ಹೋಗುತ್ತಿತ್ತು. ಎಷ್ಟೋ ವರ್ಷ ಏನೂ ಆಗದೆ, ಹೋದ ವರ್ಷ ಆಯಿತು. ಊಟದ ತಟ್ಟೆಯಷ್ಟಗಲ ಹತ್ತಿಕೊಂಡಿತು. ಅಕ್ಕ ಇಳಿದು ಬಂದು ಒದ್ದೆ ಗೋಣಿಚೀಲ ಎಸೆದು ತುಳಿದಳು, ಆರಿತು. ಅಷ್ಟರೊಳಗೆ ಬಡಾವಣೆಯ ಸಂಘದ ಕಾರ್ಯದರ್ಶಿಗಳು ಅದನ್ನು ಮೊಬೈಲಿನಲ್ಲಿ ಹಿಡಿದು ಇಡೀ ಬಡಾವಣೆಗೆ ಕಳಿಸಿ ಆಗಿತ್ತು.

ಈ ವರ್ಷ ಹುರುಳಿ ಕಿತ್ತು ಒಣಗಲು ಹಾಕಿದ ವಾರವೇ ಅವರು ಅಕ್ಕನ ಜಗಲಿಗೆ ಬಂದರು. ನಿವೃತ್ತರು, ಮಿತಭಾಷಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಅಂದು ಭಾನುವಾರವಾದ್ದರಿಂದ ನಾನೂ ಅಲ್ಲಿದ್ದೆ.

“ನಮಗೇನೂ ದ್ವೇಷ ಇಲ್ಲ ಅಮ್ಮ. ವರ್ಷಕ್ಕೊಂದ್ ದಿನ ರಸ್ತೆ ಬಿಟ್ಕೊಡೋದ್ರಲ್ಲಿ ಏನಿದೆ? ಆ ಗಾಡಿ ಮಾತ್ರ ಬೇಡ. ಬೇರೆ ಗಾಡಿ ಕರೆಸಿ.”

“ಒಂದೂಕಾಲ್ ಎಕ್ರೆಗೆ ಯಾವೋನ್ ಬತ್ತಾನೆ ಸ್ವಾಮಿ?” ಎಂದಳು ಅಕ್ಕ. “ಕರುದ್ರೆ ಫೋನೇ ಎತ್ತಲ್ಲ. ಮಿಶಿನ್ನೋರು ಐದೆಕ್ರೆ ಇದ್ರೆ ಏಳಮ್ಮ ಅಂತಾರೆ.”

ಅವರು ನನ್ನ ಕಡೆ ತಿರುಗಿದರು. “ಮೇಡಂ, ನೀವು ವಿಮೆ ಆಫೀಸಲ್ಲಿರೋರು. ನಿಮಗೆ ನಾನ್ ಹೇಳ್ಬೇಕಾ? ಹಳೇ ಗಾಡಿ, ಒಣಗಿದ ಹುರುಳಿ, ಇಬ್ಬರು ಹೆಂಗಸರು. ನೀವೇ ಯೋಚ್ನೆ ಮಾಡಿ.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೋದ ವರ್ಷದಿಂದ ನಾನೇ ಆ ಮೂರನ್ನು ಅದೇ ಕ್ರಮದಲ್ಲಿ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮೂರನೆಯದನ್ನು ಕೂಡ. ಆದರೂ ಅವರ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆದರಿಕೆ ನನ್ನದು. ಮನೆಯಲ್ಲಿ ಸಾಕಿಕೊಂಡಿದ್ದೇನೆ, ಅನ್ನ ಹಾಕಿದ್ದೇನೆ, ರಾತ್ರಿ ಅದರ ಪಕ್ಕದಲ್ಲಿ ಮಲಗಿದ್ದೇನೆ. ಅದನ್ನು ಎತ್ತಿಕೊಂಡು ಹೋಗಿ ನನ್ನ ಅಕ್ಕನ ಮೇಲೆ ಛೂ ಬಿಡಲು ಇವರಿಗೆ ಯಾರು ಹೇಳಿದರು?

ಅವರು ಹೋದ ಮೇಲೆ ಅಕ್ಕ, ನಲ್ಲಿ ನಿಲ್ಲಿಸು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು:

“ಓಗ್ಲಿ ಬುಡು. ಈ ಸಲದ ಉರ್ಳೀನ ಅಂಗೇ ದನಕ್ಕಾಕ್ಬುಡ್ತೀನಿ. ಗಾಡೀನ ಗುಜ್ರಿಗೆ ಕೊಟ್ಬುಟ್ರಾಯ್ತು. ಮುಂದಕ್ಕೆ ಬಿತ್ತೋದೇ ಬ್ಯಾಡ.”

ಅಕ್ಕ ಕೂಗಾಡಿದ್ದರೆ ನಾನು ಹೆದರುತ್ತಿರಲಿಲ್ಲ. ಭಾವ ತೀರಿಕೊಂಡ ವರ್ಷವೂ ಬಿತ್ತಿದವಳು, ಬೋರ್‌ವೆಲ್ ಕೈಕೊಟ್ಟ ವರ್ಷವೂ ಬಿತ್ತಿದವಳು, ಸುತ್ತ ಮನೆಗಳೆದ್ದು ಅವರ ಪಾರಿವಾಳಗಳೆಲ್ಲ ಬಂದು ಬೀಜ ಹೆಕ್ಕಿದ ವರ್ಷವೂ ಎರಡನೇ ಸಲ ಬಿತ್ತಿದವಳು, ಇವತ್ತು ಜಗಲಿಯ ಮೇಲೆ ಕೂತು ಅಷ್ಟು ತಣ್ಣಗೆ ಬೇಡ ಎನ್ನುತ್ತಿದ್ದಳು.

“ನಾನು ಅದನ್ನ ಮೇಲಕ್ಕೆತ್ತಿಸ್ತೀನಿ,” ಎಂದೆ.

“ಏನ್ನ?”

“ಸೈಲೆನ್ಸರ್ನ. ಮೊದಲಿದ್ದ ಹಾಗೆ. ಹೊಗೆ ಮೇಲಕ್ಕೆ ಹೋದ್ರೆ ಹುರುಳಿಗೆ ಬಿಸಿ ತಾಗಲ್ವಲ್ಲ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀನು? ಕುಕ್ಕರ್ ಕೂಗುದ್ರೆ ಇತ್ಲಿಗೆ ಓಡೋಗೋಳು ನೀನು, ಟ್ಯಾಕ್ಟ್ರಿಗೆ ಕೈ ಆಕ್ತೀಯ?”

“ಹಾಕ್ತೀನಿ ಕಣಕ್ಕ.”

“ಆಯ್ತು. ಎರಡ್ ಭಾನ್ವಾರ ಟೈಮು. ಅಷ್ಟ್ರೊಳಗೆ ಆದ್ರೆ ತುಳುಸ್ತೀನಿ. ಇಲ್ದೇ ಓದ್ರೆ ನಾನ್ ಏಳ್ದಂಗೇಯ.”

ಸೋಮವಾರ ಆಫೀಸು ಮುಗಿಸಿ ಉದಯಗಿರಿಗೆ ಹೋದೆ. ಬಸ್ಸು ಲಾರಿಗಳ ಸೈಲೆನ್ಸರ್ ಮಾಡುವ ಒಬ್ಬರ ಅಂಗಡಿ ಅಲ್ಲಿದೆ ಎಂದು ಆಫೀಸಿನ ಡ್ರೈವರ್ ಹೇಳಿದ್ದ. ಅಂಗಡಿ ಎಂದರೆ ಒಂದು ಶೆಡ್ಡು, ಅದರೊಳಗೆ ಆನೆಯ ಸೊಂಡಿಲುಗಳನ್ನು ಕತ್ತರಿಸಿ ರಾಶಿ ಹಾಕಿದಂತೆ ತುಕ್ಕು ಹಿಡಿದ ಕೊಳವೆಗಳು. ಮಾಲೀಕರು ನನ್ನ ವಯಸ್ಸಿನವರು, ಗಡ್ಡ ಅರ್ಧ ಬೆಳ್ಳಗಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕನ್ನಡಕವನ್ನು ಹಣೆಗೆ ಏರಿಸಿ, “ಗಾಡಿ ತಂದಿಲ್ವಾ ಮೇಡಂ?” ಎಂದರು.

“ಹೊಲದಲ್ಲಿದೆ. ಟ್ರಾಫಿಕ್‌ನಲ್ಲಿ ತರೋಕೆ ಧೈರ್ಯ ಇಲ್ಲ.”

“ಬ್ಯಾಡ ಬುಡಿ. ನಂಗೂ ಅಷ್ಟ್ ದೂರ ಬರಕ್ಕೆ ಆಗಲ್ಲ, ಬಸ್ಸಿನ್ ಕೆಲ್ಸ ತುಂಬಾ ಹಿಡಿದಿದೆ. ಪೈಪು ನಾನ್ ಮಾಡ್ಕೊಡ್ತೀನಿ. ಬಿಚ್ಚೋದು, ಹಾಕೋದು ನೀವು ಮಾಡ್ಕೊಳಿ. ನಾಕೇ ಬೋಲ್ಟು.”

“ಬೋಲ್ಟು ಮುರಿದ್ರೆ?”

“ಯಾಕ್ ಮುರೀತದೆ?”

“ತುಕ್ಕು ಹಿಡಿದಿದೆ. ಮುರೀಬಹುದಲ್ವಾ?”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಹಳ ಸಮಾಧಾನದಿಂದ, ಮಾತ್ರೆ ಬರೆದುಕೊಡುವ ಡಾಕ್ಟರ ಹಾಗೆ ಹೇಳಿದರು. ಮೂರು ದಿನ, ಬೆಳಗ್ಗೆ ಸಂಜೆ, ಒಂದೊಂದು ಬೋಲ್ಟಿನ ಬುಡಕ್ಕೂ ಡೀಸೆಲ್ ಹಾಕಬೇಕು. ನಾಲ್ಕನೇ ದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಆಮೇಲೆ ಸ್ಪ್ಯಾನರ್. “ಒಂದ್ ಮಾತು ನೆನಪಿಟ್ಕೊಳಿ ಮೇಡಂ. ಮೊದ್ಲು ಬಿಚ್ಚಕ್ಕೆ ಹೋಗ್ಬೇಡಿ. ಮೊದ್ಲು ಕೂದಲೆಳೆಯಷ್ಟು ಬಿಗಿ ಮಾಡಿ. ಅದು ಅಲ್ಲಾಡ್ತು ಅಂದ್ರೆ, ಆಮೇಲೆ ಬಿಚ್ಚಿ.”

ಆ ಸಂಜೆಯಿಂದಲೇ ಮೂರು ದಿನ ನಾನು ಅಕ್ಕನಿಗೆ ಹೊತ್ತು ಹೊತ್ತಿಗೆ ಫೋನ್ ಮಾಡಿದೆ. “ಹಾಕಿದ್ಯಾ?”

“ಆಕ್ದೆ ಕಣೇ. ದೇವ್ರಿಗೆ ಅಭಿಷೇಕ ಮಾಡ್ದಂಗೆ ಮಾಡ್ತಾವ್ನಿ. ನೀನ್ ಫೋನ್ ಮಡುಗು.”

ಗುರುವಾರ ಅರ್ಧ ದಿನ ರಜೆ ಹಾಕಿದೆ. ಕಾರಣ ಎಂಬ ಜಾಗದಲ್ಲಿ ಕೌಟುಂಬಿಕ ಎಂದು ಬರೆದೆ. ಟ್ರ್ಯಾಕ್ಟರಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲನೇ ಬೋಲ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡಿದೆ. ಒಳಗೆಲ್ಲೋ ‘ಟಕ್’ ಎಂದಿತು. ಮುರಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

“ಬುಟ್ಕತು,” ಎಂದಳು ಅಕ್ಕ, ಬೆನ್ನ ಹಿಂದಿನಿಂದ.

ಬಿಟ್ಟುಕೊಂಡಿತ್ತು. ನಾಲ್ಕೂ ಬಂದವು. ಯಾರಿಗಾದರೂ ಇದರಿಂದ ಸಂತೋಷವಾಗುತ್ತದೆ. ನನಗೆ ದಿಗಿಲಾಯಿತು. ಕೆಟ್ಟದ್ದು ಇಲ್ಲಿ ಆಗಲಿಲ್ಲ ಎಂದರೆ ಮುಂದೆಲ್ಲೋ ಬಡ್ಡಿ ಸಮೇತ ಕಾದಿದೆ ಎಂದೇ ನನ್ನ ಅಭಿಪ್ರಾಯ. ಹಳೇ ಕೊಳವೆ ಕಳಚಿ ಕೆಳಗೆ ಬಿದ್ದ ಮೇಲೆ, ಅಂಗಡಿಯವರು ಹೇಳಿಕೊಟ್ಟ ಹಾಗೆ, ಎಂಜಿನ್ನಿನ ಬಾಯಿಗೆ ಗ್ರೀಸ್ ಸವರಿ, ಅದರ ಮೇಲೆ ದಪ್ಪ ರಟ್ಟು ಒತ್ತಿ ಅಚ್ಚು ತೆಗೆದೆ. ಮನೆಯಲ್ಲಿ ದಪ್ಪ ರಟ್ಟು ಅಂತ ಸಿಕ್ಕಿದ್ದು ಒಂದು ಮದುವೆ ಕಾಗದ.

ಸಂಜೆ ಉದಯಗಿರಿಯಲ್ಲಿ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ನಾಲ್ಕು ತೂತು, ನಡುವೆ ದೊಡ್ಡ ಉಂಗುರ, ಉಂಗುರದೊಳಗೆ ಗಣೇಶ.

“ದೇವ್ರ ಫೋಟೋ ಇದೆ ಮೇಡಂ. ಇದನ್ನ ಕತ್ತರ್ಸಲ್ಲ. ಇದ್ರ ಮೇಲಿಂದ ಬೇರೆ ರಟ್ಟಿಗೆ ಇಳಿಸ್ಕೋತೀನಿ,” ಎಂದು ಮದುವೆ ಕಾಗದವನ್ನು ಒರೆಸಿ ನನಗೇ ವಾಪಸು ಕೊಟ್ಟರು. ಆಮೇಲೆ ಎತ್ತರದ ಮಾತು ಬಂತು. “ಡ್ರೈವರ್ ಕೂತಾಗ ತಲೆಗಿಂತ ಒಂದ್ ಮೊಳ ಮೇಲಕ್ಕಿರ್ಬೇಕು ಬಾಯಿ. ಡ್ರೈವರ್ ಎಷ್ಟುದ್ದ?”

“ನನಗಿಂತ ನಾಲ್ಕು ಬೆರಳು ಹೆಚ್ಚು.”

“ಯಾರು ಓಡ್ಸೋದು?”

“ನಮ್ಮಕ್ಕ.”

ಅವರು ಅಳತೆ ಟೇಪನ್ನು ಕೆಳಗಿಳಿಸಿದರು. “ಅಕ್ಕ ಓಡಿಸ್ತಾರಾ? ಉಳೋದೂ ಅವ್ರೇನಾ?” ಎಂದು ಕೇಳಿ, ತಮ್ಮಷ್ಟಕ್ಕೆ ತಲೆಯಾಡಿಸಿ, ಒಂದು ಡ್ರಮ್ಮು ಎಳೆದು ಹಾಕಿದರು. “ಕೂತ್ಕೊಳಿ. ಅವ್ರು ಎಂಗೆ ಕೂರ್ತಾರೋ ಅಂಗೆ ಕೂತ್ಕೊಳಿ.”

ಉದಯಗಿರಿಯ ಬೀದಿಯಲ್ಲಿ, ಸಂಜೆ ಆರು ಗಂಟೆಯ ಜನಸಂದಣಿಯ ಎದುರು, ಆಫೀಸಿನ ಸೀರೆಯುಟ್ಟು, ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡು, ನಾನು ಒಂದು ಎಣ್ಣೆ ಡ್ರಮ್ಮಿನ ಮೇಲೆ ಕೂತು, ಇಲ್ಲದ ಸ್ಟಿಯರಿಂಗ್ ಹಿಡಿದುಕೊಂಡೆ. ಟೀ ಕುಡಿಯುತ್ತಿದ್ದ ಇಬ್ಬರು ಬಸ್ ಡ್ರೈವರುಗಳು ಲೋಟವನ್ನು ಬಾಯಿಗಿಡುವುದನ್ನು ಮರೆತರು. “ಬೆನ್ನು ನೆಟ್ಟಗೆ ಮಾಡಿ ಮೇಡಂ,” ಎಂದರು ಮಾಲೀಕರು. ಮಾಡಿದೆ. ಅವರು ಅಳತೆ ಬರೆದುಕೊಂಡರು. “ಒಳಗೆ ಜಾಲರಿ ಹಾಕ್ತೀನಿ, ಕಿಡಿ ಬಂದ್ರೂ ಅಲ್ಲೇ ಸಾಯ್ತದೆ. ಹಾಕಿದ್ ದಿನ ಹುಲ್ಲಿನ ಹತ್ರ ತಗೊಂಡ್ ಹೋಗ್ಬೇಡಿ. ಖಾಲಿ ಜಾಗದಲ್ಲಿ ಅರ್ಧ ಗಂಟೆ ಜೋರಾಗಿ ಓಡ್ಸಿ, ಒಳಗಿನ ತುಕ್ಕು ಮಸಿ ಎಲ್ಲಾ ಉಗುಳ್ಲಿ. ಅಕ್ಕಂಗೆ ಸಲಾಂ ಹೇಳಿ.”

ಮುಂದಿನ ವಾರ, ಕೊಟ್ಟ ಗಡುವಿನ ಕೊನೆಯ ಶನಿವಾರ ಬೆಳಗ್ಗೆ, ಅದನ್ನು ಬಸ್ಸಿನಲ್ಲಿ ತಂದೆ. ಸೊಂಟದಲ್ಲಿ ದಪ್ಪ, ಮೇಲೆ ಕೆಳಗೆ ಸಣ್ಣ. ಕಪ್ಪು ಬಣ್ಣ ಬಳಿದು, ಹಳೇ ಪತ್ರಿಕೆ ಸುತ್ತಿಕೊಟ್ಟಿದ್ದರು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತೆ. ಕಂಡಕ್ಟರ್ ಬಂದು ನಿಂತ.

“ನಿಮ್ದು ಫ್ರೀ ಮೇಡಂ. ಇದು?”

“ಇದೂ ನನ್ನ ಜೊತೇನೇ.”

“ಇದ್ಯಾವ ಸೀಮೆ ಹೆಂಗ್ಸು? ಆಧಾರ್ ಕಾರ್ಡ್ ಇದ್ಯಾ?” ಎಂದು ಬಸ್ಸನ್ನೆಲ್ಲ ನಗಿಸಿ, ಲಗೇಜಿನ ಟಿಕೆಟ್ ಹರಿದು ಕೊಳವೆಯ ಬಾಯೊಳಗೆ ಸಿಕ್ಕಿಸಿ ಹೋದ. ಹಿಂದಿನ ಸೀಟಿನ ಹೆಂಗಸು, “ಏನ್ ತಾಯಿ ಅದು, ಬೋರ್ ಮೋಟ್ರಾ?” ಎಂದಳು. ಟ್ರ್ಯಾಕ್ಟರಿನದು, ನಾನೇ ಹಾಕುವುದು, ಎಂದೆ. ಅದನ್ನು ಹೇಳುವಾಗ ನನ್ನ ದನಿ ಅಗತ್ಯಕ್ಕಿಂತ ದೊಡ್ಡದಾಗಿತ್ತು ಎಂದು ಆಮೇಲೆ ಅನ್ನಿಸಿತು. ಹೋಗಲಿ. ಇಡೀ ಬಸ್ಸಿಗೆ ಕೇಳಿದ್ದು ಒಳ್ಳೆಯದೇ ಆಯಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಅಕ್ಕ ಅಷ್ಟರಲ್ಲಿ ಬಾನೆಟ್ಟಿನ ತಗಡು ಕಿತ್ತು ಹಾಕಿದ್ದಳು. ಭಾವನ ಕೆಲಸ, ಸುಲಭಕ್ಕೆ ಬಂದಿರಲಿಲ್ಲ. ಉಳಿಯಿಂದ ಹೊಡೆದು ಹೊಡೆದು ತೆಗೆದಿದ್ದಳು. ಶೆಡ್ಡಿನ ಎರಡು ಶೀಟನ್ನೂ ಕಳಚಿ ಗೋಡೆಗೆ ಒರಗಿಸಿದ್ದಳು. “ಒಂದ್ ಸಲ ಶೀಟ್ನ ಮಾತ್ ಕೇಳಿ ಕೆಟ್ಟಿದ್ದು ಸಾಕು,” ಎಂದಳು.

ಹೊಗೆ ಸೋರದ ಹಾಗೆ ನಡುವೆ ಹೊಸ ಪ್ಯಾಕಿಂಗ್ ಇಟ್ಟು, ಕೊಳವೆಯನ್ನು ತೂತಿನ ಮೂಲಕ ಇಳಿಸಿದೆವು. ಅವಳು ಮೇಲೆ ಹಿಡಿದುಕೊಂಡಳು, ನಾನು ಕೆಳಗೆ ಬೋಲ್ಟು ಹಾಕಿದೆ. ನಾಲ್ಕು ತೂತಿಗೆ ನಾಲ್ಕು ತೂತು, ಕುಪ್ಪಸದ ಗುಂಡಿಯ ಹಾಗೆ ಕೂತವು. ಒಂದನ್ನೇ ಪೂರ್ತಿ ಬಿಗಿ ಮಾಡದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಅದನ್ನೂ ಉದಯಗಿರಿಯಲ್ಲೇ ಕಲಿತದ್ದು. ಆಮೇಲೆ ಮೂರು ಸಲ ಪರೀಕ್ಷಿಸಿದೆ. ಗ್ಯಾಸ್ ಒಲೆಯ ಪ್ರದಕ್ಷಿಣೆ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಹುರುಳಿ ಕಿತ್ತ ಖಾಲಿ ಹೊಲಕ್ಕೆ ಒಯ್ದು ಅಕ್ಕ ಸ್ಟಾರ್ಟ್ ಮಾಡಿದಳು. ಕೊಳವೆ ಒಮ್ಮೆ ಕೆಮ್ಮಿತು, ಮಸಿಯ ಚೂರುಗಳನ್ನು ಆಕಾಶಕ್ಕೆ ಉಗಿಯಿತು, ಆಮೇಲೆ ಗಂಟಲು ಸರಿಯಾದವರಂತೆ ಮಾತಾಡತೊಡಗಿತು. ಇಷ್ಟು ವರ್ಷ ಹೊಟ್ಟೆಯಡಿ ಗೊಣಗುತ್ತಿದ್ದ ಗಾಡಿಗೆ ಈಗ ದನಿ ಬಂದಿತ್ತು. ಬಡಾವಣೆಯ ಎರಡು ಮೂರು ಕಿಟಕಿಗಳು ತೆರೆದುಕೊಂಡವು. ಮಾಮೂಲಿನಂತಾದರೆ ನಾನು ಶೆಡ್ಡಿನ ಹಿಂದೆ ಹೋಗುತ್ತಿದ್ದೆ. ಅಂದು ಹೊಲದ ನಡುವೆ, ಸೊಂಟದ ಮೇಲೆ ಗ್ರೀಸಿನ ಕೈ ಇಟ್ಟುಕೊಂಡು ನಿಂತೆ. ನೋಡಿಕೊಳ್ಳಲಿ.

ಭಾನುವಾರ ಬೆಳಗ್ಗೆ ಅಕ್ಕ ರಸ್ತೆ ಗುಡಿಸಿ ಸಗಣಿ ನೀರು ಹಾಕಿದಳು. ಒಂದು ಮೂಲೆಯಲ್ಲಿ ಸಗಣಿಯ ಬೆನಕನನ್ನು ಇಟ್ಟು ಗರಿಕೆ ಸಿಕ್ಕಿಸಿದಳು. ಹುರುಳಿ ಹರಡಿದೆವು. ನಾನು ಮನೆಯಿಂದ ತಂದಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಹಳೇ ಸೀರೆಯಲ್ಲಿ ಸುತ್ತಿ ಬೇವಿನ ಮರದ ಬುಡದಲ್ಲಿ ಇಟ್ಟಿದ್ದೆ. ಕಣದಲ್ಲಿ ಆ ಹೆಸರು ಹೇಳುವಂತಿಲ್ಲವಷ್ಟೇ, ಇಡಬಾರದು ಎಂದು ಅಕ್ಕ ಹೇಳಿರಲಿಲ್ಲ.

ಎಂಟು ಗಂಟೆಗೆ ಕಾರ್ಯದರ್ಶಿಗಳು ಬಂದರು, ಮೊಬೈಲು ಆಗಲೇ ಕೈಯಲ್ಲಿ.

“ಅಮ್ಮಾ, ನಾನ್ ಹೇಳಿದ್ದೇನು...”

“ಚಪ್ಲಿ ಬುಡಿ ಸ್ವಾಮಿ,” ಎಂದಳು ಅಕ್ಕ ಟ್ರ್ಯಾಕ್ಟರಿನ ಮೇಲಿನಿಂದ.

“ಏನು?”

“ಚಪ್ಲಿ ಆಚೆ ಬುಟ್ಟು ಬನ್ನಿ. ಇದು ಕಣ.”

“ಇದು ರಸ್ತೆ ಅಮ್ಮ.”

“ಸಗಣಿ ಸಾರ್ಸಿವ್ನಿ, ಬೆನಕನ್ನ ಮಡುಗಿವ್ನಿ. ನಾಳೆಯಿಂದ ರಸ್ತೆ. ಇವತ್ತು ಕಣ.”

ಅವರು ಬೆನಕನನ್ನು ನೋಡಿದರು, ಗರಿಕೆಯನ್ನು ನೋಡಿದರು. ವಿಭೂತಿ ಇಟ್ಟುಕೊಂಡ ಹಣೆಗೆ ಬೇರೆ ದಾರಿ ಇರಲಿಲ್ಲ. ಚಪ್ಪಲಿ ಬಿಟ್ಟು ಬಂದರು. ಬರಿಗಾಲಲ್ಲಿ ನಿಂತ ಮನುಷ್ಯ ಮೊದಲಿನಷ್ಟು ಕಾರ್ಯದರ್ಶಿಯಾಗಿ ಕಾಣುವುದಿಲ್ಲ. ನಾನು ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತ ಕೊಳವೆಯನ್ನು ತೋರಿಸಿದೆ.

“ಹೊಗೆ ಇನ್ನು ಮೇಲಕ್ಕೆ ಹೋಗತ್ತೆ ಸಾರ್. ಕೆಳಗಿನದು ತೆಗೆದು ಹಾಕಿದ್ದೀವಿ. ಬಗ್ಗಿ ನೋಡಿ.”

“ಯಾರು ಮಾಡಿದ್ದು?”

“ನಾನು.”

“ನೀವಾ?”

“ಹೂಂ. ಹಳೇ ಗಾಡಿ, ಒಣ ಹುರುಳಿ, ಇಬ್ಬರು ಹೆಂಗಸರು. ನೀವೇ ಹೇಳಿದ್ರಲ್ಲ, ಯೋಚ್ನೆ ಮಾಡಿ ಅಂತ. ಮಾಡ್ದೆ.”

ಅವರು ನಿಜಕ್ಕೂ ಬಗ್ಗಿ ನೋಡಿದರು. ಏನೂ ಸಿಗದೆ ಎದ್ದು, ಬೇವಿನ ಮರದ ಬುಡದ ಸೀರೆಯ ಗಂಟನ್ನು ನೋಡಿ, “ಅದೇನು?” ಎಂದರು.

“ಪೂಜೆ ಸಾಮಾನು.”

ಅಕ್ಕ ಗೇರ್ ಹಾಕಿದಳು. ಗಾಡಿ ಹುರುಳಿಯ ಮೇಲೆ ಹತ್ತಿತು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಕಿವಿಗೆ ಬಿತ್ತು: ಚಟ, ಚಟಚಟ, ಚಟಚಟಚಟ. ನಾನು ಸೀರೆಯ ಗಂಟಿನ ಸಮೇತ ಸಿಲಿಂಡರ್ ಎತ್ತಿಕೊಂಡು ಕಣದ ನಡುವಿಗೆ ಓಡಿದೆ. ಅಕ್ಕ ಬ್ರೇಕ್ ಒತ್ತಿ, “ಅದು ಕಾಯಿ ಒಡ್ಯೋ ಸದ್ದು ಕಣೇ! ಊರಲ್ಲಿ ಉಟ್ಟಿದ್ರೂ ಗೊತ್ತಾಗಲ್ವ ನಿಂಗೆ?” ಎಂದು ಕೂಗಿದಳು. ಕಾರ್ಯದರ್ಶಿಗಳು ನನ್ನ ಪೂಜೆ ಸಾಮಾನಿನಿಂದ ಇಣುಕುತ್ತಿದ್ದ ಕೆಂಪು ತಗಡನ್ನು ನೋಡಿದರು, ನಾನು ಅವರನ್ನು ನೋಡಿದೆ.

ಎರಡನೇ ಸುತ್ತು, ಐದನೇ ಸುತ್ತು, ಆಮೇಲೆ ಎಣಿಸುವುದನ್ನು ಬಿಟ್ಟೆ. ಹೊಗೆ ಹುರುಳಿಯಿಂದ ಎಷ್ಟೋ ಎತ್ತರದಲ್ಲಿ, ಕೊಳವೆಯ ತುದಿಯಿಂದ ಹೊರಡುತ್ತಿತ್ತು, ನನ್ನ ಕಣ್ಣು ಮಾತ್ರ ಕೆಳಗೇ ಇತ್ತು. ಕೆಳಗೆ ಗಾಡಿಯ ಹೊಟ್ಟೆಗೆ ಹುರುಳಿ ಉಜ್ಜುತ್ತಿತ್ತು. ಅಲ್ಲಿ ಬಿಸಿಯಾದದ್ದು ಏನೂ ಇರಲಿಲ್ಲ. ಕಾರ್ಯದರ್ಶಿಗಳು ಮೊಬೈಲು ಹಿಡಿದೇ ನಿಂತಿದ್ದರು. ಮುಕ್ಕಾಲು ಗಂಟೆ ಹಿಡಿದರು. ಏನೂ ಆಗದಿರುವುದನ್ನು ಅಷ್ಟು ಹೊತ್ತು ಚಿತ್ರೀಕರಿಸುವುದು ಸುಲಭದ ಕೆಲಸವಲ್ಲ, ತೋಳು ಸೋಲುತ್ತದೆ.

“ಸುಮ್ಕೆ ನಿಂತಿರೋ ಬದ್ಲು ಆ ಕವೆಗೋಲ್ ತಕಂಡು ಮಗುಚಾಕಿ ಸ್ವಾಮಿ, ತಳದ್ದು ಮೇಲಕ್ ಬರ್ಲಿ,” ಎಂದಳು ಅಕ್ಕ.

ಅವರು ಸುತ್ತ ನೋಡಿ, ಮೊಬೈಲನ್ನು ಜೇಬಿಗೆ ಹಾಕಿ, ಕವಲಿದ್ದ ಆ ಕೋಲನ್ನು ಕೈಗೆತ್ತಿಕೊಂಡರು. ನನಗಿಂತ ಚೆನ್ನಾಗಿ ಮಗುಚಿದರು. ಒಂದು ಹಿಡಿ ಎತ್ತಿ ಊದಿ, ಒಂದು ಕಾಳು ಬಾಯಿಗೆ ಹಾಕಿ ಕಡಿದು, “ಚೆನ್ನಾಗಿ ಒಣಗಿದೆ. ಇನ್ನೂ ನಾಲ್ಕು ಸುತ್ತು ಬೇಕು,” ಎಂದರು. ಅವರ ಅಜ್ಜ ಕಾಳಿನ ಮಂಡಿ ಇಟ್ಟಿದ್ದರಂತೆ. ಹಾಗಂತ ಅವರು ಸೋತರು ಎಂದುಕೊಳ್ಳಬೇಡಿ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಮುಂದಿನ ಮೀಟಿಂಗಲ್ಲಿ ಈ ವಿಷಯ ಇಡ್ತೀನಿ ಮೇಡಂ,” ಎಂದರು.

“ಇಡಿ ಸಾರ್,” ಎಂದೆ. “ನಾನೂ ಬರ್ತೀನಿ.”

ಹನ್ನೊಂದರ ಹೊತ್ತಿಗೆ ಅಕ್ಕ ಎಂಜಿನ್ ನಿಲ್ಲಿಸಿದಳು. ನಾನು ಮೊದಲು ಹುರುಳಿಯನ್ನು ನೋಡಿದೆ: ಒಂದು ಎಳೆಯೂ ಕಪ್ಪಾಗಿರಲಿಲ್ಲ. ನಾಲ್ಕು ಬೋಲ್ಟು: ಅಲ್ಲಾಡಿರಲಿಲ್ಲ. ಟ್ಯಾಂಕು, ಬಾನೆಟ್, ಬೆಸುಗೆ. ತಂತಿಗೆ ಎರಡು ಆಳಿನ ಅಂತರ. ಹದವಾದ ಗಾಳಿಯೂ ಶುರುವಾಗಿತ್ತು, ತೂರಲಿಕ್ಕೆ ಬೇಕಾದಷ್ಟು. ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೂ ಆಗಿರಲಿಲ್ಲ. ಕೊನೆಗೆ, ಅಕ್ಕ ಕೆಳಗಿಳಿದಾಗ, ಅವಳನ್ನು ನೋಡಿದೆ.

ಮುಖ ಕಪ್ಪಗಾಗಿತ್ತು. ಟವೆಲ್ಲಿನ ಅಂಚಿನಿಂದ ಗದ್ದದವರೆಗೆ ಮಸಿ. ಕನ್ನಡಕ ತೆಗೆದಾಗ ಕಣ್ಣಿನ ಸುತ್ತ ಎರಡು ಬಿಳಿಯ ಬಿಲ್ಲೆಗಳು ಕಂಡವು.

ಮಳೆ ನೀರು ಒಳಗಿಳಿಯದ ಹಾಗೆ ಈ ಕೊಳವೆಗಳ ತುದಿಗೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಹೊಗೆ ಬಂದಾಗ ಅದು ಒಂದು ಕಡೆಗೆ ಬಾಯಿ ತೆರೆಯುತ್ತದೆ. ಶನಿವಾರ ಮಸಿ ಉಗುಳಿಸುವಾಗ ಅದನ್ನು ಹಾಕಿರಲಿಲ್ಲ. ಭಾನುವಾರ ಬೆಳಗ್ಗೆ, ಅಕ್ಕ ಸಗಣಿ ಕಲಸುತ್ತಿದ್ದಾಗ, ನಾನೇ ಏಣಿ ಹತ್ತಿ ಕೂರಿಸಿದ್ದೆ. ಅದರ ಬಾಯಿ ಯಾವ ಕಡೆ ಇರಬೇಕು ಎಂದು ಯಾರೂ ಹೇಳಿರಲಿಲ್ಲ. ಸಾವಿರ ಅನಾಹುತಗಳನ್ನು ಮುಂದಾಗಿ ಊಹಿಸಿದ್ದ ನಾನು, ಅದನ್ನು ನೇರ ಡ್ರೈವರಿನ ಸೀಟಿನ ಕಡೆಗೆ ತಿರುಗಿಸಿ ಭದ್ರವಾಗಿ ಬಿಗಿ ಮಾಡಿದ್ದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗಿನ ಮಸಿಯನ್ನು ನೋಡಿದಳು. ತಲೆಯೆತ್ತಿ ಕೊಳವೆಯ ತುದಿಯನ್ನು ಬಹಳ ಹೊತ್ತು ನೋಡಿದಳು. ಗುಜರಿ ಎಂಬ ಮಾತು ಬರುತ್ತದೇನೋ ಎಂದು ನಾನು ಕಾಯುತ್ತ ನಿಂತಿದ್ದೆ.

“ಮುಂದಿನ್ ವರ್ಷಕ್ಕೆ ಅದ್ರ ಬಾಯ್ನ ಆ ಕಡೀಕೆ ತಿರುಗ್ಸು,” ಎಂದಳು. “ಸರ್ಯಾಗಿ ಮೂತಿಗೇ ಉಗೀತದೆ.”